ಪೆಲೆಟ್ ಒಲೆಯ ಬಿಸಿನೀರಿಗೆ ಥರ್ಮೋಸ್ಟಾಟ್ ಹಾಕಬೇಕು, ವೈರ್ ಎಲ್ಲಿಗೆ ಕೊಡಬೇಕು?

ಸಪ್ತಾಪುರದ ಪಿಜಿ ಅಕ್ಕ:

ಎಲ್ಲರಿಗೂ ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆ. ಕೆಳಗೆ ನಾವು, ಮೇಲೆ ಹುಡುಗಿಯರ ಪಿಜಿ. ಎಲ್ಲರೂ ಕೋಚಿಂಗ್‌ಗೆ ಬಂದವರು. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಓದುತ್ತಾರೆ. ಬೆಳಗಿನ ಜಾವ ನಾಲ್ಕೂವರೆಗೆ ಒಬ್ಬಳು ಬಚ್ಚಲಿಗೆ ಹೋದರೆ ಆಮೇಲೆ ಎಂಟರವರೆಗೂ ಸಾಲು ಮುರಿಯುವುದಿಲ್ಲ. ಶ್ರಾವಣದ ಜಿಟಿಜಿಟಿ ಮಳೆಯಿರಲಿ, ಡಿಸೆಂಬರ್ ಚಳಿಯಿರಲಿ, ಬಿಸಿನೀರು ಇಲ್ಲ ಅಂದರೆ ಮೊದಲು ಬಡಿಯುವುದು ನನ್ನ ಬಾಗಿಲನ್ನೇ.

ಮುಂಚೆ ಕಟ್ಟಿಗೆ ಒಲೆ, ಹಂಡೆ ಇತ್ತು. ಆಮೇಲೆ ಗೀಸರ್ ಹಾಕಿಸಿದೆವು. ಕರೆಂಟ್ ಬಿಲ್ ನೋಡಿ ನಮ್ಮ ಮನೆಯವರು ಚಹಾ ಕುಡಿಯುವುದನ್ನೇ ಮರೆತರು. ಸೋಲಾರ್ ಇದೆ, ಮಳೆಗಾಲದಲ್ಲಿ ಅದು ಮಾಳಿಗೆಯ ಅಲಂಕಾರ. ಕೊನೆಗೆ ಪೆಲೆಟ್ ಒಲೆ ತಂದೆವು. ಪೆಲೆಟ್ ಅಂದರೆ ಕಟ್ಟಿಗೆ ಹೊಟ್ಟು, ದಂಟು ಇಂಥದನ್ನು ಒತ್ತಿ ಮಾಡಿದ ಸಣ್ಣ ಗುಳಿಗೆ. 200 ಲೀಟರ್ ಟ್ಯಾಂಕು, ಅದರ ಕೆಳಗೆ ಬರ್ನರ್, ಪಕ್ಕದಲ್ಲಿ ಪೆಲೆಟ್ ತುಂಬುವ ಹಾಪರ್. ಒಂದು ಸ್ಕ್ರೂ ತಿರುಗುತ್ತ ಪೆಲೆಟ್ ಒಳಗೆ ದೂಡುತ್ತದೆ, ಬ್ಲೋವರ್ ಗಾಳಿ ಊದುತ್ತದೆ, ಬೆಂಕಿ ತಾನೇ ಹೊತ್ತಿಕೊಳ್ಳುತ್ತದೆ. ಇದರ ಬಗ್ಗೆ ನನ್ನ ತಕರಾರು ಇಲ್ಲ. ಹೊಗೆ ಕಡಿಮೆ, ಬೂದಿ ಕಡಿಮೆ, ಕೆಲಸ ಚೆಂದ.

ತಕರಾರು ಏನೆಂದರೆ, ನೀರು ಕಾದದ್ದು ಈ ಒಲೆಗೆ ಗೊತ್ತಾಗುವುದಿಲ್ಲ. ಬಟನ್ ಒತ್ತಿ ನಿಲ್ಲಿಸುವವರೆಗೆ ಉರಿಯುತ್ತಲೇ ಇರುತ್ತದೆ. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಮರೆತರೆ ಮಾಳಿಗೆಯ ಗಾಳಿ ಪೈಪಿನಿಂದ ಹಬೆ ಬುಸುಗುಡುತ್ತದೆ. ಹೀಗಾಗಿ ಥರ್ಮೋಸ್ಟಾಟ್ ಹಾಕಿಸೋಣ ಅಂತ ನಮ್ಮ ಓಣಿಯ ಎಲೆಕ್ಟ್ರಿಷಿಯನ್ ತಮ್ಮನನ್ನು ಕರೆದೆ. ಅವನ ಐಡಿಯಾ ಸರಳ. ಗೀಸರ್‌ನ ಥರ್ಮೋಸ್ಟಾಟ್ ತಂದು ಟ್ಯಾಂಕಿಗೆ ತಾಗಿಸುವುದು, ಒಲೆಯ ಪ್ಲಗ್‌ಗೆ ಹೋಗುವ ಫೇಸ್ ವೈರ್ ಕತ್ತರಿಸಿ ಅದರ ಮೂಲಕ ಹಾಯಿಸುವುದು. ನೀರು ಕಾದ ಕೂಡಲೇ ಕರೆಂಟ್ ಬಂದ್, ಒಲೆ ಬಂದ್. "ಏನೂ ಆಗೂದಿಲ್ಲ ಬಿಡ್ರಿ ಅಕ್ಕಾರ" ಅಂದ. ಆ ಮಾತು ಕೇಳಿದರೇ ನನಗೆ ಸಂಶಯ ಬರುತ್ತದೆ.

ಯಾಕೆಂದರೆ ಮೊನ್ನೆ ಒಲೆ ಉರಿಯುವಾಗಲೇ ಕರೆಂಟ್ ಹೋಯಿತು. ಬ್ಲೋವರ್ ನಿಂತ ಸ್ವಲ್ಪ ಹೊತ್ತಿಗೆ ಹಾಪರ್ ಮುಚ್ಚಳದ ಸಂದಿಯಿಂದ ಹೊಗೆ ಬಂತು. ಕಣ್ಣು ಉರಿ, ಹಿತ್ತಲೆಲ್ಲ ವಾಸನೆ. ಅದೇ ನಾನು ಬಟನ್ ಒತ್ತಿ ನಿಲ್ಲಿಸಿದರೆ ಹೀಗಾಗುವುದಿಲ್ಲ. ಸ್ಕ್ರೂ ನಿಂತ ಮೇಲೂ ಬ್ಲೋವರ್ ಬಹಳ ಹೊತ್ತು ಓಡಿ ಆಮೇಲೆ ತಾನೇ ನಿಲ್ಲುತ್ತದೆ. ಹಾಗಾದರೆ ಪ್ಲಗ್‌ನಲ್ಲೇ ಕರೆಂಟ್ ಕತ್ತರಿಸುವುದು ಅಂದರೆ ದಿನಾ ಬೇಕಂತಲೇ ಕರೆಂಟ್ ತೆಗೆದ ಹಾಗೆ ಅಲ್ವಾ?

ಇನ್ನೊಂದು ಮಾತು. ಒಲೆಯ ಕಂಟ್ರೋಲ್ ಬೋರ್ಡಿನ ಮೂಲೆಯಲ್ಲಿ ಎರಡು ಸಣ್ಣ ಸ್ಕ್ರೂ ಇವೆ. ಅವೆರಡರ ನಡುವೆ ಒಂದು ತುಂಡು ವೈರ್ ಕೂಡಿಸಿಟ್ಟಿದ್ದಾರೆ. ಪಕ್ಕದಲ್ಲಿ ಥರ್ಮೋಸ್ಟಾಟ್ ಅಂತಲೇ ಬರೆದಿದೆ. ಮಾರಿದವರಿಗೆ ಫೋನ್ ಮಾಡಿದರೆ "ಅದನ್ನು ಮುಟ್ಟಬೇಡಿ ಮೇಡಂ" ಅನ್ನುತ್ತಾರೆ, ಯಾಕೆ ಅಂತ ಹೇಳುವುದಿಲ್ಲ. ತಿಳಿದವರು ಹೇಳಿ.

ಹಾವೇರಿ ಗೋವಿನಜೋಳ:

ಅಕ್ಕಾ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ತೋಟದ ಮನೆಯಲ್ಲೂ ಪೆಲೆಟ್ ಒಲೆಯಿದೆ. ಫ್ಯಾನ್ ವೈರ್‌ಗೇ ಥರ್ಮೋಸ್ಟಾಟ್ ಹಾಕಿದ್ದೇವೆ. ನೀರು ಕಾದರೆ ಫ್ಯಾನ್ ನಿಲ್ಲುತ್ತದೆ, ಬೆಂಕಿ ಮಂದ ಆಗುತ್ತದೆ. ಸ್ವಲ್ಪ ಹೊಗೆ ಬರುತ್ತದೆ, ಬರಲಿ. ಎಮ್ಮೆಗೆ ಸೊಳ್ಳೆ ಕಾಟ ತಪ್ಪುತ್ತದೆ.

ರೈಲ್ವೆ ಫಿಟ್ಟರ್, ಹುಬ್ಬಳ್ಳಿ:

ಗೋವಿನಜೋಳದ ತಮ್ಮಾ, ನಿನ್ನದು ಬಯಲಲ್ಲಿರುವ ಒಲೆ. ಮೇಲಿಂದ ಪೆಲೆಟ್ ಸುರಿದು ಹೊತ್ತಿಸುವ ಜಾತಿ ಇರಬೇಕು. ತಂಗಿಯದು ಸ್ಕ್ರೂ ಇರುವ ಒಲೆ, ಮೇಲೆ ಮಕ್ಕಳು ಮಲಗುವ ಮನೆ. ಎರಡಕ್ಕೂ ಒಂದೇ ಮಾತು ನಡೆಯುವುದಿಲ್ಲ.

ತಂಗಿ, ನಾನು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಕಲ್ ಫಿಟ್ಟರ್ ಆಗಿ ರಿಟೈರ್ ಆದವನು. ನಿಮ್ಮ ಸಂಶಯ ನೂರಕ್ಕೆ ನೂರು ಸರಿ. ಬೆಂಕಿ ಬಲ್ಬ್ ಅಲ್ಲ, ಸ್ವಿಚ್ ತೆಗೆದ ಕೂಡಲೇ ಆರುವುದಕ್ಕೆ. ಕರೆಂಟ್ ಕತ್ತರಿಸಿದಾಗ ಬರ್ನರ್ ಬುಟ್ಟಿಯಲ್ಲಿ ಅರ್ಧ ಉರಿದ ಪೆಲೆಟ್ ಹಾಗೇ ಕೂತಿರುತ್ತದೆ. ಗಾಳಿ ಸಾಲದೆ ಅದು ಕುಮುಲುತ್ತದೆ. ಕುಮುಲುವ ಬೆಂಕಿಯಿಂದ ಹೊಗೆಯ ಜೊತೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಿಮಣಿ ಗಿಡ್ಡ ಇದ್ದರೆ ಅದು ಮೇಲೆ ಹೋಗುವ ಬದಲು ಸ್ಕ್ರೂ ಇರುವ ಪೈಪಿನಲ್ಲೇ ಹಿಂದಕ್ಕೆ ಬಂದು ಹಾಪರ್ ಸೇರುತ್ತದೆ. ನೀವು ಕಂಡದ್ದು ಅದನ್ನೇ. ಹೊಗೆಯ ಹಿಂದೆ ಕೆಂಡವೂ ಆ ಪೈಪಿನಲ್ಲಿ ಹಿಂದೆ ಸರಿದು ಹಾಪರ್‌ನ ಪೆಲೆಟ್‌ಗೆ ಹತ್ತಬಹುದು. ಅಪರೂಪ, ಆದರೆ ಆಗುವಂಥದ್ದೇ.

ಬಟನ್ ಒತ್ತಿದಾಗ ಬೋರ್ಡ್ ಮೊದಲು ಸ್ಕ್ರೂ ನಿಲ್ಲಿಸುತ್ತದೆ. ಬುಟ್ಟಿಯಲ್ಲಿ ಉಳಿದದ್ದು ಪೂರ್ತಿ ಉರಿದು ಬೂದಿಯಾಗುವವರೆಗೆ ಬ್ಲೋವರ್ ಓಡಿಸುತ್ತದೆ. ಆ ಕ್ರಮ ತಪ್ಪಬಾರದು. ಅಂದರೆ ಥರ್ಮೋಸ್ಟಾಟ್ ಬೆಂಕಿಯನ್ನು ತಾನೇ ನಿಲ್ಲಿಸಬಾರದು. ನೀರು ಕಾದಿದೆ ಅಂತ ಬೋರ್ಡಿಗೆ ಹೇಳಬೇಕು, ಅಷ್ಟೇ. ಮುಂದಿನದು ಬೋರ್ಡಿನ ಕೆಲಸ.

ನಿಮ್ಮ ಮೂಲೆಯ ಎರಡು ಸ್ಕ್ರೂ ಇರುವುದು ಇದಕ್ಕೇ. ನಡುವಿನ ತುಂಡು ವೈರ್‌ಗೆ ಜಂಪರ್ ಅನ್ನುತ್ತಾರೆ. ಅದು ಕೂಡಿರುವವರೆಗೆ "ಇನ್ನೂ ಬಿಸಿ ಬೇಕು" ಅಂತ ಬೋರ್ಡ್ ತಿಳಿಯುತ್ತದೆ. ಜಂಪರ್ ತೆಗೆದು ಆ ಜಾಗದಲ್ಲಿ ಥರ್ಮೋಸ್ಟಾಟಿನ ಎರಡು ವೈರ್ ಕೂಡಿಸಬೇಕು. ಆದರೆ ಅದಕ್ಕೂ ಮೊದಲು ಒಂದು ಪರೀಕ್ಷೆ ಆಗಲೇಬೇಕು. ಒಲೆ ತಣ್ಣಗಿರುವಾಗ ಮೇನ್ ಆಫ್ ಮಾಡಿ ಜಂಪರ್ ತೆಗೆಯಿರಿ. ಮತ್ತೆ ಆನ್ ಮಾಡಿ ಆ ಎರಡು ಸ್ಕ್ರೂಗಳ ನಡುವೆ ಮಲ್ಟಿಮೀಟರ್ ಇಟ್ಟು ಎಷ್ಟು ವೋಲ್ಟ್ ಇದೆ ನೋಡಿಸಿ. 5 ಅಥವಾ 12 ವೋಲ್ಟ್ ಡಿಸಿ ಬಂದರೆ ಅಲ್ಲಿಗೆ ಹೊರಗಿನ ಕರೆಂಟ್ ಕೂಡದು. ಒಂದು ಸಲ 230 ತಾಗಿದರೆ ಬೋರ್ಡ್ ಸತ್ತಂತೆ. "ಮುಟ್ಟಬೇಡಿ" ಅಂದದ್ದು ಬಹುಶಃ ಈ ಭಯಕ್ಕೆ. ಈ ಕೆಲಸ ಆ ತಮ್ಮನೇ ಮಾಡಲಿ, ನೀವು ಪಕ್ಕದಲ್ಲಿ ನಿಂತು ನೋಡಿ. ಸ್ಕ್ರೂಡ್ರೈವರ್ ಟೆಸ್ಟರ್ ಇಲ್ಲಿ ಕೆಲಸಕ್ಕೆ ಬಾರದು.

ಗೀಸರ್ ಥರ್ಮೋಸ್ಟಾಟ್ ಯಾಕೆ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದರ ಕಾಂಟ್ಯಾಕ್ಟ್, ಅಂದರೆ ಒಳಗೆ ಕೂಡಿ ಬಿಡುವ ಲೋಹದ ತುದಿಗಳು, ದೊಡ್ಡ ಕರೆಂಟಿಗೆ ಮಾಡಿದ್ದು. ದೊಡ್ಡ ಕರೆಂಟ್ ಹರಿಯುವಾಗ ಹುಟ್ಟುವ ಸಣ್ಣ ಕಿಡಿಯೇ ಅದರ ಮುಖವನ್ನು ಸ್ವಚ್ಛ ಇಡುತ್ತದೆ. ಬೋರ್ಡಿನ ಈ ಸ್ಕ್ರೂಗಳಲ್ಲಿ ಹರಿಯುವುದು ಕೆಲವು ಮಿಲಿ ಆಂಪಿಯರ್. ಅಷ್ಟಕ್ಕೆ ಕಿಡಿ ಇಲ್ಲ. ಕೆಲವು ತಿಂಗಳಿಗೆ ಮೇಲೆ ಕಪ್ಪು ಪದರ ಕೂತು, ಒಮ್ಮೆ ಕೂಡುತ್ತದೆ, ಒಮ್ಮೆ ಕೂಡುವುದಿಲ್ಲ. ಆಗ ಒಲೆ ಕೆಟ್ಟಿದೆ ಅಂತ ಬೋರ್ಡ್ ಬಿಚ್ಚುತ್ತಾ ಕೂರುತ್ತೀರಿ. ವರ್ಕ್‌ಶಾಪಿನಲ್ಲಿ ಇಂಥದಕ್ಕೆ ಎಷ್ಟು ಸಲ ಬೈಸಿಕೊಂಡಿದ್ದಾರೋ ನಮ್ಮ ಹುಡುಗರು!

ವರ್ಮಾಂಟ್‌ನಲ್ಲಿರುವ ಗದಗಿನವ:

ಕಾಕಾ ಹೇಳಿದ್ದು ಪೂರ್ತಿ ಸರಿ. ನಾನಿರುವುದು ಅಮೆರಿಕದ ವರ್ಮಾಂಟ್‌ನಲ್ಲಿ. ಇಲ್ಲಿ ಪೆಲೆಟ್ ಒಲೆ ನೀರಿಗಲ್ಲ, ಕೋಣೆ ಬೆಚ್ಚಗಿಡಲು. ಹೊರಗೆ ಮೈನಸ್ 20 ಡಿಗ್ರಿ ಇರುವಾಗ ಹಾಲ್‌ನಲ್ಲಿ ಇದೊಂದು ಉರಿಯುತ್ತಿದ್ದರೆ ಸಾಕು, ಮನೆಯವರೆಲ್ಲ ಅದರ ಸುತ್ತಲೇ. ಇಲ್ಲಿಯ ಒಲೆಗಳಲ್ಲೂ ಅದೇ ಎರಡು ಸ್ಕ್ರೂ, ಅದೇ ಜಂಪರ್. ಇಂಗ್ಲ್ಯಾಂಡರ್ ಅನ್ನುವ ಕಂಪನಿಯ ಒಲೆಗಳಲ್ಲಿ ಜಂಪರ್ ತೆಗೆದು ಗೋಡೆಯ ಥರ್ಮೋಸ್ಟಾಟಿನಿಂದ ಎರಡು ತೆಳು ವೈರ್ ತಂದರೆ ಕೆಲಸ ಮುಗಿಯಿತು. ಹಾರ್ಮನ್ ಒಲೆಗಳದು ಬೇರೆ ದಾರಿ. ಅವುಗಳ ಜೊತೆ ಕೋಣೆಯ ಶಾಖ ಅಳೆಯುವ ಸೆನ್ಸರ್ ಬರುತ್ತದೆ. ಎಷ್ಟು ಉರಿಸಬೇಕು ಅನ್ನುವುದನ್ನು ಒಲೆಯ ಬೋರ್ಡೇ ಲೆಕ್ಕ ಹಾಕುತ್ತದೆ.

ಇಲ್ಲಿಯ ಜನ ಎಡವುವುದು ವೈಫೈ ಥರ್ಮೋಸ್ಟಾಟ್ ತಂದಾಗ. ಅದು ಓಡಲು 24 ವೋಲ್ಟ್ ಎಸಿ ಬೇಕು. ಒಲೆಯ ಬೋರ್ಡ್ ಅದನ್ನು ಕೊಡುವುದಿಲ್ಲ. ಬೇರೆ ಟ್ರಾನ್ಸ್‌ಫಾರ್ಮರ್ ಇಟ್ಟು, ನಡುವೆ ಒಂದು ರಿಲೇ, ಅಂದರೆ ಕಾಯಿಲ್‌ಗೆ ಕರೆಂಟ್ ಕೊಟ್ಟರೆ ತಾನೇ ಕೂಡುವ ಸ್ವಿಚ್, ಹಾಕಬೇಕು. ಬ್ಯಾಟರಿಯಲ್ಲಿ ಓಡುವ ಸಾದಾ ಥರ್ಮೋಸ್ಟಾಟಿಗೆ ಈ ರಗಳೆ ಇಲ್ಲ.

ಅಕ್ಕಾ, ನಿಮ್ಮ ಬೋರ್ಡಿನಲ್ಲಿ ಎರಡು ಮೋಡ್ ಇವೆಯಾ ನೋಡಿ. ಒಂದರಲ್ಲಿ ಬಿಸಿ ಸಾಕಾಗಿ ಥರ್ಮೋಸ್ಟಾಟಿನ ಕಾಂಟ್ಯಾಕ್ಟ್ ಬಿಟ್ಟರೆ ಒಲೆ ಪೂರ್ತಿ ಆರುತ್ತದೆ. ಇನ್ನೊಂದರಲ್ಲಿ ಆರುವುದಿಲ್ಲ, ಸಣ್ಣ ಉರಿಗೆ ಇಳಿಯುತ್ತದೆ. ಚಳಿಗಾಲದ ನಡುವೆ ನಾವು ಸಣ್ಣ ಉರಿಯದನ್ನೇ ಇಡುತ್ತೇವೆ. ಪದೇ ಪದೇ ಆರಿ ಹೊತ್ತಿದರೆ ಹೊತ್ತಿಸುವ ರಾಡ್ ಬೇಗ ಸುಟ್ಟುಹೋಗುತ್ತದೆ.

ರೈಲ್ವೆ ಫಿಟ್ಟರ್, ಹುಬ್ಬಳ್ಳಿ:

ಗದಗಿನ ತಮ್ಮಾ, ಒಳ್ಳೆಯ ಮಾತು ಎತ್ತಿದೆ. ಆದರೆ ಸಣ್ಣ ಉರಿ ಇಲ್ಲಿ ನಡೆಯದು. ನಿಮ್ಮ ಮನೆಯ ಗೋಡೆ, ಕಿಟಕಿಯಿಂದ ಶಾಖ ಸೋರುತ್ತಲೇ ಇರುತ್ತದೆ, ಸಣ್ಣ ಉರಿ ಅದಕ್ಕೆ ಸರಿಹೋಗುತ್ತದೆ. ತಂಗಿಯ ಟ್ಯಾಂಕಿಗೆ ಸುತ್ತಲೂ ಇನ್ಸುಲೇಶನ್ ಇರುತ್ತದೆ. ಯಾರೂ ನೀರು ಬಿಡದಿದ್ದರೆ ಸಣ್ಣ ಉರಿಯಲ್ಲೂ ಅದು ಏರುತ್ತಾ ಏರುತ್ತಾ ಕುದಿಗೆ ಬರುತ್ತದೆ. ಇಲ್ಲಿ ಪೂರ್ತಿ ಆರುವ ಮೋಡೇ ಬೇಕು.

ಸಪ್ತಾಪುರದ ಪಿಜಿ ಅಕ್ಕ:

ಕಾಕಾರ, ಮೀಟರ್ ಇಡಿಸಿದೆ. 5 ವೋಲ್ಟ್ ಡಿಸಿ ಬಂತು. ನಮ್ಮ ತಮ್ಮ ಮೊದಲು ಮುಖ ಗಂಟಿಕ್ಕಿದ, ಆಮೇಲೆ ನಿಮ್ಮ ಉತ್ತರ ಓದಿ "ಕಾಕಾ ಎಲ್ಲಿಯವರು?" ಅಂತ ಕೇಳಿದ. ಪುಸ್ತಕದಲ್ಲಿ ಎರಡು ಮೋಡೂ ಇವೆ. ಆರುವ ಮೋಡಿಗೆ ಇಟ್ಟಿದ್ದೇವೆ.

ಈಗ ಯಾವ ಥರ್ಮೋಸ್ಟಾಟ್ ತರಬೇಕು? ಎಷ್ಟಕ್ಕೆ ಇಡಬೇಕು? ನಮ್ಮ ಮನೆಯವರು 80 ಇಡೋಣ, ನೀರು ಜಾಸ್ತಿ ಜನಕ್ಕೆ ಬರುತ್ತದೆ ಅನ್ನುತ್ತಾರೆ. ನನಗೆ ಯಾವುದಾದರೂ ಹುಡುಗಿ ನಿದ್ದೆಗಣ್ಣಲ್ಲಿ ಕೈ ಸುಟ್ಟುಕೊಂಡರೆ ಅನ್ನುವ ಭಯ. ಟ್ಯಾಂಕಿಗೆ ಸೆನ್ಸರ್ ತೂರಿಸುವ ತೂತು ಎಲ್ಲೂ ಕಾಣುತ್ತಿಲ್ಲ.

ರೈಲ್ವೆ ಫಿಟ್ಟರ್, ಹುಬ್ಬಳ್ಳಿ:

ನಿಮ್ಮ ಮನೆಯವರಿಗೆ ಈ ಲೆಕ್ಕ ತೋರಿಸಿ. ತಣ್ಣೀರು 22 ಡಿಗ್ರಿ, ಕಾದ ನೀರು 60 ಅಂತ ಹಿಡಿಯೋಣ. ಸ್ನಾನಕ್ಕೆ 40 ಡಿಗ್ರಿ ಸಾಕು. 20 ಲೀಟರಿನ ಒಂದು ಬಕೆಟ್‌ಗೆ ಕಾದ ನೀರು ಒಂಬತ್ತೂವರೆ ಲೀಟರ್ ಹೋಗುತ್ತದೆ, ಉಳಿದದ್ದು ತಣ್ಣೀರು. ಅಂದರೆ 200 ಲೀಟರಿನಲ್ಲಿ ಸುಮಾರು 20 ಬಕೆಟ್. ಅಷ್ಟರೊಳಗೆ ಒಲೆ ಮತ್ತೆ ಹೊತ್ತಿಕೊಂಡಿರುತ್ತದೆ. 80 ಯಾಕೆ ಬೇಕು? ಮೇಲಾಗಿ ಬೋರ್ ನೀರು ಬಳಸುವ ದಿನ 60 ದಾಟಿದಷ್ಟೂ ಟ್ಯಾಂಕಿನೊಳಗೆ ಸುಣ್ಣ ಜಾಸ್ತಿ ಕಟ್ಟುತ್ತದೆ. ತಳದಲ್ಲಿ ಸುಣ್ಣ ಕೂತರೆ ಶಾಖ ನೀರಿಗೆ ಹೋಗದೆ ಚಿಮಣಿಗೆ ಹೋಗುತ್ತದೆ.

ಪೆಲೆಟ್ ಲೆಕ್ಕವೂ ಬೇಕಾದರೆ ತೆಗೆದುಕೊಳ್ಳಿ. 200 ಲೀಟರ್ ನೀರನ್ನು 38 ಡಿಗ್ರಿ ಏರಿಸಲು 7600 ಕಿಲೋ ಕ್ಯಾಲರಿ ಬೇಕು. ಒಂದು ಕಿಲೋ ಪೆಲೆಟ್‌ನಲ್ಲಿ ಸುಮಾರು 4000. ಅದರಲ್ಲಿ 60 ಪರ್ಸೆಂಟ್ ನೀರಿಗೆ ಸೇರಿತು ಅಂದುಕೊಂಡರೂ ಮೂರು ಕಿಲೋ ಮೇಲೆ ಸ್ವಲ್ಪ. ಇದೇ ಕೆಲಸಕ್ಕೆ ಗೀಸರ್ ಒಂಬತ್ತು ಯೂನಿಟ್ ಹತ್ತಿರ ತಿನ್ನುತ್ತದೆ. ನಿಮ್ಮ ಮನೆಯವರ ಚಹಾ ಯಾಕೆ ಆರಿಹೋಯಿತು ಅಂತ ಈಗ ಗೊತ್ತಾಯಿತು.

ಥರ್ಮೋಸ್ಟಾಟಿಗೆ ಎಸ್‌ಟಿಸಿ-1000 ಅನ್ನುವ ಡಿಜಿಟಲ್ ಕಂಟ್ರೋಲರ್ ಕೇಳಿ. 230 ವೋಲ್ಟಿನದು. ದುಬಾರಿ ಏನಲ್ಲ. ಹಿಂದೆ ಎಂಟು ಸ್ಕ್ರೂ ಇರುತ್ತವೆ. 1 ಮತ್ತು 2ಕ್ಕೆ ಮನೆಯ ಕರೆಂಟ್, 3 ಮತ್ತು 4ಕ್ಕೆ ಸೆನ್ಸರ್. 5 ಮತ್ತು 6 ಬಿಸಿ ಮಾಡುವ ಕಡೆಯದು. ಅದು ಬರೀ ರಿಲೇಯ ಕಾಂಟ್ಯಾಕ್ಟ್, ಅದರಲ್ಲಿ ತನ್ನದೇ ವೋಲ್ಟೇಜ್ ಇರುವುದಿಲ್ಲ. ಆ 5, 6ರಿಂದಲೇ ಎರಡು ವೈರ್ ಒಲೆಯ ಬೋರ್ಡಿಗೆ. 7, 8 ತಂಪು ಮಾಡುವುದಕ್ಕೆ, ಖಾಲಿ ಬಿಡಿ. ಹುಷಾರ್, ಫ್ರಿಜ್ ರಿಪೇರಿ ಮಾಡುವವರು ಅಭ್ಯಾಸದಿಂದ 1ರಿಂದ 5ಕ್ಕೆ ಒಂದು ಲೂಪ್ ಹಾಕಿಬಿಡುತ್ತಾರೆ. ಹಾಗೆ ಮಾಡಿದರೆ 230 ನೇರ ಬೋರ್ಡಿಗೆ.

ಇದರ ರಿಲೇಯೂ ದೊಡ್ಡ ಕರೆಂಟಿನದೇ ಅಲ್ವಾ, ಆಗ ಗೀಸರ್‌ದಕ್ಕೆ ಬೈದಿರಿ ಅಂತ ಯಾರಾದರೂ ಕೇಳಬಹುದು. ಹೌದು. ಅದಕ್ಕೇ ನನ್ನ ಮನೆಯಲ್ಲಾದರೆ ನಾನು ನಡುವೆ ಇನ್ನೊಂದು ಸಣ್ಣ ಸಿಗ್ನಲ್ ರಿಲೇ ಹಾಕುತ್ತೇನೆ. ಬಂಗಾರದ ಲೇಪ ಇರುವ ಕಾಂಟ್ಯಾಕ್ಟ್‌ನದು ಅಂತ ಕೇಳಿದರೆ ಕೊಡುತ್ತಾರೆ. ಕಂಟ್ರೋಲರ್ ಆ ರಿಲೇಯ ಕಾಯಿಲ್‌ಗೆ ಕರೆಂಟ್ ಕೊಡಲಿ, ರಿಲೇಯ ಕಾಂಟ್ಯಾಕ್ಟ್ ಬೋರ್ಡಿಗೆ ಹೋಗಲಿ. ಆಗ ಕಂಟ್ರೋಲರ್‌ನಲ್ಲಿ ಯಾರು ಲೂಪ್ ಹಾಕಿದರೂ ನಿಮ್ಮ ಬೋರ್ಡ್ ಉಳಿಯುತ್ತದೆ. ಸಿಗದಿದ್ದರೆ ಸದ್ಯಕ್ಕೆ ನೇರವೇ ಕೂಡಿಸಿ. ಬೋರ್ಡಿಗೆ ಹೋಗುವ ಎರಡು ತೆಳು ವೈರ್ ಮಾತ್ರ ಕರೆಂಟ್ ವೈರ್ ಇರುವ ಪೈಪಿನಲ್ಲಿ ಹಾಯಿಸಬೇಡಿ.

ಸೆಟ್ಟಿಂಗ್ ಹೇಳುತ್ತೇನೆ. ಕಂಟ್ರೋಲರ್‌ನಲ್ಲಿ ಎಫ್ 1 ಅಂದರೆ ಎಷ್ಟು ಡಿಗ್ರಿಗೆ ನಿಲ್ಲಬೇಕು ಅನ್ನುವುದು, ಅದನ್ನು 58 ಇಡಿ. 60 ಅಂದೆನಲ್ಲ, ಸ್ಕ್ರೂ ನಿಂತ ಮೇಲೂ ಬುಟ್ಟಿಯ ಪೆಲೆಟ್ ಉರಿದು ನೀರು ಇನ್ನಷ್ಟು ಏರುತ್ತದೆ, ಅದಕ್ಕೆ ಜಾಗ ಬಿಡಬೇಕು. ಎಫ್ 2 ಅಂದರೆ ವ್ಯತ್ಯಾಸ, ಅದನ್ನು 10 ಮಾಡಿ. ಅದರಲ್ಲಿ ಅದಕ್ಕಿಂತ ಜಾಸ್ತಿ ಇಡಲು ಬರುವುದಿಲ್ಲ. ಆಗ 58ಕ್ಕೆ ನಿಲ್ಲುತ್ತದೆ, 48ಕ್ಕೆ ಇಳಿದ ಮೇಲಷ್ಟೇ ಮತ್ತೆ ಹೊತ್ತುತ್ತದೆ. ಇದನ್ನು ಒಂದೋ ಎರಡೋ ಇಟ್ಟರೆ ಯಾರೋ ಒಬ್ಬಳು ಮುಖ ತೊಳೆದಳು ಅಂತ ಒಲೆ ಹೊತ್ತುತ್ತದೆ. ಗದಗಿನ ತಮ್ಮ ಹೇಳಿದ ರಾಡ್ ಸುಡುವುದು ಹೀಗೆಯೇ.

ಸೆನ್ಸರ್‌ಗೆ ತೂತು ಕೊರೆಯಬೇಡಿ. ಟ್ಯಾಂಕಿನ ಎತ್ತರದಲ್ಲಿ ಮೇಲಿನಿಂದ ಮೂರನೇ ಒಂದು ಭಾಗ ಕೆಳಗೆ ಹೊರಗಿನ ತಗಡನ್ನು ಸ್ವಲ್ಪ ಕತ್ತರಿಸಿ, ಇನ್ಸುಲೇಶನ್ ಉಣ್ಣೆ ಸರಿಸಿ, ಒಳಗಿನ ಟ್ಯಾಂಕಿನ ಮೈಗೆ ಸೆನ್ಸರ್ ಒತ್ತಿ ಕಟ್ಟಿಸಿ, ಮತ್ತೆ ಉಣ್ಣೆ ಮುಚ್ಚಿ. ತಳದಲ್ಲಿ ಇಟ್ಟರೆ ಬೆಂಕಿಯ ಶಾಖವೇ ತಾಗಿ ಬೇಗ ನಿಲ್ಲಿಸಿಬಿಡುತ್ತದೆ. ತೀರಾ ಮೇಲಿಟ್ಟರೆ ಅರ್ಧ ಟ್ಯಾಂಕ್ ತಣ್ಣಗಾದರೂ ಗೊತ್ತಾಗುವುದಿಲ್ಲ. ಟ್ಯಾಂಕಿನ ಹೊರಗಡೆ ಅಳೆಯುವುದರಿಂದ ಒಂದೆರಡು ಡಿಗ್ರಿ ಕಡಿಮೆ ತೋರಿಸಬಹುದು. ಬಕೆಟ್‌ಗೆ ನೀರು ಬಿಟ್ಟು ಅಡುಗೆಯ ಥರ್ಮಾಮೀಟರಿನಿಂದ ಅಳೆದು, ಎಫ್ 4ರಲ್ಲಿ ಸರಿಪಡಿಸಿ.

ಇನ್ನು ಇದಕ್ಕಿಂತ ದೊಡ್ಡದು. ಕಂಟ್ರೋಲರ್ ಕೆಟ್ಟು ಕಾಂಟ್ಯಾಕ್ಟ್ ಅಂಟಿಕೊಂಡರೆ? ಅದಕ್ಕೆ ಬೇರೆಯೇ ಒಂದು ಹೈ ಲಿಮಿಟ್ ಸ್ವಿಚ್ ಬೇಕು. 90 ಡಿಗ್ರಿಗೆ ತಾನೇ ಕಡಿಯುವಂಥದ್ದು, ಕೈಯಿಂದ ಒತ್ತಿ ಮತ್ತೆ ಕೂಡಿಸುವ ಬಗೆಯದು. ಅದನ್ನು ಸ್ಕ್ರೂ ಮೋಟರಿನ ವೈರ್‌ನಲ್ಲಿ ಮಾತ್ರ ಹಾಕಿಸಿ. ಬ್ಲೋವರ್ ಓಡುತ್ತಿರಲಿ, ಪೆಲೆಟ್ ಮಾತ್ರ ನಿಲ್ಲಲಿ. ಮಾಳಿಗೆಯ ಗಾಳಿ ಪೈಪಿಗೆ ಯಾವ ಕಾರಣಕ್ಕೂ ವಾಲ್ವ್ ಹಾಕಬೇಡಿ, ಹಬೆ ಬುಸುಗುಡುತ್ತದೆ ಅಂತ ಅದರ ಬಾಯಿ ಮುಚ್ಚಿಸಲೂ ಬೇಡಿ. ಹಬೆ ಹೊರಗೆ ಹೋಗುತ್ತಿರುವುದರಿಂದಲೇ ಟ್ಯಾಂಕ್ ಒಡೆಯದೆ ಉಳಿದಿದೆ.

ಹಾವೇರಿ ಗೋವಿನಜೋಳ:

ಕಾಕಾ ಬಿಡುವುದಿಲ್ಲ! ಸರಿ, ನಾನೂ ಒಲೆ ಗೋದಲಿಯಿಂದ ದೂರ ಇಡುತ್ತೇನೆ.

ಅಕ್ಕಾ, ಪೆಲೆಟ್ ಬಗ್ಗೆ ನನಗೂ ಒಂದಿಷ್ಟು ಗೊತ್ತು. ಯಾವುದರದ್ದು ಅಂತ ಕೇಳಿ ಕೊಳ್ಳಿ. ಸಾಮಿಲ್ ಹೊಟ್ಟಿನದಾದರೆ ಬೂದಿ ಕಡಿಮೆ. ನಮ್ಮ ಕಡೆಯ ಗೋವಿನಜೋಳದ ದಂಟು, ಹತ್ತಿ ಕಟ್ಟಿಗೆಯದಾದರೆ ಬೂದಿ ಜಾಸ್ತಿ, ಅದು ಕರಗಿ ಬುಟ್ಟಿಯಲ್ಲಿ ಗಟ್ಟಿ ಹೆಂಟೆ ಕಟ್ಟುತ್ತದೆ. ನೀವೇ ಬಟನ್ ಒತ್ತುವಾಗ ಹೆಂಟೆ ಕಣ್ಣಿಗೆ ಬೀಳುತ್ತಿತ್ತು. ಇನ್ನು ಮೇಲೆ ಒಲೆ ನೀವು ಮಲಗಿದಾಗ ತಾನೇ ಹೊತ್ತುತ್ತದೆ. ಬುಟ್ಟಿಯ ತೂತು ಮುಚ್ಚಿದ್ದರೆ ಬೆಂಕಿ ಹಿಡಿಯದೆ ಹೊಗೆ ತುಂಬುತ್ತದೆ. ದಿನಾ ರಾತ್ರಿ ಒಲೆ ತಣ್ಣಗಾದ ಮೇಲೆ ಬುಟ್ಟಿ ಕೆರೆದೇ ಮಲಗಿ. ಮಳೆಗಾಲದಲ್ಲಿ ಚೀಲವನ್ನು ನೆಲಕ್ಕೆ ಇಡಬೇಡಿ, ಸೀತ ಹತ್ತಿದರೆ ಪೆಲೆಟ್ ಉಬ್ಬಿ ಸ್ಕ್ರೂ ಕಚ್ಚಿಕೊಳ್ಳುತ್ತದೆ.

ಸಪ್ತಾಪುರದ ಪಿಜಿ ಅಕ್ಕ:

ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ತಮ್ಮನ ಕೈಗೆ ಕೊಟ್ಟಿದ್ದೇನೆ. ಕಂಟ್ರೋಲರ್ ಮತ್ತು ಹೈ ಲಿಮಿಟ್ ಹುಬ್ಬಳ್ಳಿಯಿಂದ ತರುತ್ತಾನಂತೆ. ರಿಲೇಯನ್ನೂ ಕೇಳಿಕೊಂಡು ಬಾ ಅಂದಿದ್ದೇನೆ. 58 ಅಂತ ಹೇಳಿದ್ದಕ್ಕೆ ನಮ್ಮ ಮನೆಯವರು "65 ಆದರೂ ಇಡೋಣ" ಅಂತ ಚೌಕಾಸಿ ನಡೆಸಿದ್ದಾರೆ. ಇಡುವುದಿಲ್ಲ.

ಉಳಿದದ್ದು ಎರಡು ಮಾತು. ರಾತ್ರಿ ಹತ್ತರಿಂದ ಬೆಳಗಿನ ಮೂರೂವರೆವರೆಗೆ ಒಲೆ ಹೊತ್ತಲೇಬಾರದು, ಅದಕ್ಕೆ ಏನು ಮಾಡಬೇಕು? ಉರಿಯುವಾಗ ಕರೆಂಟ್ ಹೋದರೆ ಹೊಗೆಯ ಕಥೆ ಹಾಗೇ ಉಳಿಯಿತಲ್ಲ, ಮನೆಯ ಇನ್ವರ್ಟರ್‌ಗೆ ಒಲೆ ಕೊಡಬಹುದಾ?

ರೈಲ್ವೆ ಫಿಟ್ಟರ್, ಹುಬ್ಬಳ್ಳಿ:

ಹೊತ್ತಿಗೆ ಒಂದು ಟೈಮರ್ ಸ್ವಿಚ್. ಅದರ ಕಾಂಟ್ಯಾಕ್ಟ್ ಕೂಡ ಕರೆಂಟಿಗೆ ಅಂಟದ ಬೇರೆ ಜೋಡಿ ಇರಬೇಕು. ಬೋರ್ಡಿಗೆ ಹೋಗುವ ಎರಡು ವೈರ್‌ಗಳಲ್ಲಿ ಒಂದನ್ನು ಕತ್ತರಿಸಿ ಅದರ ಮೂಲಕ ಹಾಯಿಸಿ. ಟೈಮರ್ ಮತ್ತು ಥರ್ಮೋಸ್ಟಾಟ್ ಎರಡೂ ಹೂಂ ಅಂದರೆ ಮಾತ್ರ ಒಲೆ ಹೊತ್ತುತ್ತದೆ. ಉರಿಯುವಾಗಲೇ ಹತ್ತು ಹೊಡೆದರೂ ಭಯವಿಲ್ಲ, ಬೋರ್ಡ್ ಕ್ರಮವಾಗಿ ಆರಿಸುತ್ತದೆ.

ಇನ್ವರ್ಟರ್‌ಗೆ ಕೊಡಬಹುದು. ಬ್ಲೋವರ್, ಸ್ಕ್ರೂ ತಿನ್ನುವುದು ಕಡಿಮೆ. ಹೊತ್ತಿಸುವ ರಾಡ್ ಮಾತ್ರ ಜಾಸ್ತಿ ಎಳೆಯುತ್ತದೆ, ಅದೂ ಹೊತ್ತುವ ಕೆಲವು ನಿಮಿಷ ಅಷ್ಟೇ. ಒಲೆಯ ಪ್ಲೇಟಿನ ಮೇಲೆ ವ್ಯಾಟ್ ಬರೆದಿರುತ್ತದೆ, ಇನ್ವರ್ಟರ್ ತಡೆಯುತ್ತದಾ ನೋಡಿಕೊಳ್ಳಿ. ಕಂಟ್ರೋಲರ್‌ನ 1, 2ಕ್ಕೂ ಅದೇ ಇನ್ವರ್ಟರ್ ಲೈನ್ ಕೊಡಿ. ಇಲ್ಲವಾದರೆ ಕರೆಂಟ್ ಹೋದ ಕೂಡಲೇ ಅದು ಕಾಂಟ್ಯಾಕ್ಟ್ ಬಿಡುತ್ತದೆ, ನೀರು ಕಾಯದಿದ್ದರೂ ಒಲೆ ಆರುತ್ತದೆ. ಅಪಾಯ ಇಲ್ಲ, ಆದರೆ ಬೆಳಗಿನ ಐದಕ್ಕೆ ನಿಮ್ಮ ಬಾಗಿಲು ಬಡಿಯುತ್ತಾರೆ. ಹಾಪರ್ ಮುಚ್ಚಳದ ರಬ್ಬರ್ ಹಳತಾಗಿದ್ದರೆ ಬದಲಿಸಿ. ಹುಡುಗಿಯರ ಕೋಣೆಗೆ ಹತ್ತಿರದಲ್ಲಿ ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಿ, ಬ್ಯಾಟರಿಯಲ್ಲಿ ಓಡುವಂಥದ್ದು.